ಮೃದ್ವಸ್ಥಿಯ ರಕ್ಷಣೆಗೆ ಆಹಾರದ್ರವ್ಯಗಳು: ಒಂದು ಅನುಮಾನದ ಇತಿಹಾಸ

1

ಎರಡು ಎಲುಬುಗಳು ಕೂಡುವ ಎಡೆಗೆ ಕನ್ನಡದಲ್ಲಿ ಕೀಲು ಎಂದು ಹೆಸರು. ಬಂಡಿಯ ಅಚ್ಚಿನಿಂದ ಗಾಲಿಯು ಕಳಚದಂತೆ ಸಿಕ್ಕಿಸುವ ಮೊಳೆಗೂ ಇದೇ ಹೆಸರುಂಟು. ಆ ಅಚ್ಚಿಗೆ ಹಾಕುವ ಜಿಡ್ಡು ಕೀಲೆಣ್ಣೆ. ಶರೀರದ ಸಂಧಿಯನ್ನೂ ಬಂಡಿಯ ಅಚ್ಚನ್ನೂ ಒಂದೇ ಮಾತಿನಿಂದ ಕರೆಯುವ ಈ ವಾಡಿಕೆಯಲ್ಲಿ ಒಂದು ವೈದ್ಯಾಭಿಪ್ರಾಯವೂ ಅಡಗಿರುವುದು. ಕೀಲು ಸವೆಯತಕ್ಕದ್ದು, ಸವೆದುದಕ್ಕೆ ಹೊರಗಿನಿಂದ ಏನನ್ನಾದರೂ ತುಂಬಬೇಕು ಎಂಬುದೇ ಆ ಅಭಿಪ್ರಾಯ.

ಎಲುಬುಗಳ ತುದಿಯನ್ನು ಹೊದೆದಿರುವ ನುಣುಪಾದ ಪದರವೇ ಮೃದ್ವಸ್ಥಿ. ಇದು ಶಿಥಿಲವಾಗಿ, ಅದರ ಕೆಳಗಣ ಎಲುಬೂ ಸುತ್ತಣ ಪೊರೆಯೂ ವಿಕಾರಗೊಂಡು, ನೋವು ಬಿಗಿತಗಳು ತೋರುವ ವ್ಯಾಧಿಯನ್ನು ಪಾಶ್ಚಾತ್ಯ ವೈದ್ಯರು ಆಸ್ಟಿಯೋಆರ್ಥ್ರೈಟಿಸ್ ಎಂದು ಕರೆದಿರುವರು. ಈ ವ್ಯಾಧಿಯಲ್ಲಿ ಮೃದ್ವಸ್ಥಿಯನ್ನು ಕಾಪಾಡುವುವೆಂದು ಹೆಸರಾದ ಆಹಾರದ್ರವ್ಯಗಳಲ್ಲಿ ಗ್ಲೂಕೋಸಮೀನ್, ಕಾಂಡ್ರಾಯ್ಟಿನ್ ಎಂಬ ಎರಡು ಮುಖ್ಯವಾದುವು. ಇವು ಔಷಧದ ಅಂಗಡಿಗೆ ಬಂದುದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಆದರೆ ಇವುಗಳ ಬೆನ್ನಿಗಿರುವ ಅನುಮಾನವು, ಎಂದರೆ ತರ್ಕಶಾಸ್ತ್ರದವರು ಹೇಳುವ ಅರ್ಥದ ಅನುಮಾನವು, ಬಹು ಪ್ರಾಚೀನವಾದುದು. ಯಾವುದರಿಂದ ಅಂಗವು ರಚಿತವಾಗಿದೆಯೋ ಅದನ್ನು ತಿಂದರೆ ಆ ಅಂಗವು ಪುಷ್ಟವಾಗುವುದು ಎಂಬುದೇ ಅದರ ಸ್ವರೂಪ. ಈ ಅನುಮಾನವು ಹುಟ್ಟಿದ ಬಗೆಯನ್ನೂ, ರಸಾಯನಶಾಸ್ತ್ರವು ಅದಕ್ಕೆ ಒದಗಿಸಿದ ಆಧಾರವನ್ನೂ, ಕಡೆಗೆ ಅದು ಪರೀಕ್ಷೆಗೆ ಗುರಿಯಾದುದನ್ನೂ ಕ್ರಮವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

2

ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಎಲುಬುಗಳನ್ನು ಐದು ಬಗೆಯಾಗಿ ವಿಂಗಡಿಸಿದೆ: ಕಪಾಲ, ರುಚಕ, ತರುಣ, ವಲಯ, ನಲಕ. ಇವುಗಳಲ್ಲಿ ತರುಣವೆಂಬುದೇ ಮೃದ್ವಸ್ಥಿ. ಮೂಗು, ಕಿವಿ, ಕುತ್ತಿಗೆ, ಕಣ್ಣಿನ ಗೂಡು ಇವು ಅದರ ನೆಲೆಗಳೆಂದು ಹೇಳಿದೆ; ಮೊಳಕಾಲಿನ ಒಳಗಣ ಹೊದಿಕೆಯು ಈ ಪಟ್ಟಿಯಲ್ಲಿ ಸೇರಿಲ್ಲ. ಆದರೆ ಸಂಧಿಗಳಲ್ಲಿ ಶ್ಲೇಷ್ಮವನ್ನು ಧರಿಸಿದ ಒಂದು ಕಲೆ ಇರುವುದೆಂದೂ, ಜಿಡ್ಡು ಹಚ್ಚಿದ ಅಚ್ಚಿನಲ್ಲಿ ಚಕ್ರವು ಸರಾಗವಾಗಿ ತಿರುಗುವಂತೆ ಅದರ ದೆಸೆಯಿಂದ ಸಂಧಿಗಳು ಆಡುವುವೆಂದೂ ಅದೇ ಗ್ರಂಥದಲ್ಲಿ ಬೇರೆಡೆ ಹೇಳಿದೆ. ಕನ್ನಡದ ಕೀಲೆಣ್ಣೆಗೂ ಈ ಉಪಮೆಗೂ ಇರುವ ಸಾದೃಶ್ಯವು ಗಮನಾರ್ಹವಾಗಿದೆ.

ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಸಂಧಿಗತವಾದ ವಾತದ ಲಕ್ಷಣಗಳು ಬಂದಿವೆ. ಗಾಳಿ ತುಂಬಿದ ತೊಗಲಚೀಲದಂತೆ ಮುಟ್ಟಿದರೆ ತೋರುವ ಬಾವು, ನೀಡುವಾಗಲೂ ಮಡಿಸುವಾಗಲೂ ನೋವು, ಇವು ಆ ಲಕ್ಷಣಗಳು. ಪ್ರಕೃತ ವಿಷಯಕ್ಕೆ ಇದಕ್ಕಿಂತಲೂ ಹತ್ತಿರವಾದ ಮಾತು ಅದೇ ಸಂಹಿತೆಯ ಶಾರೀರಸ್ಥಾನದ ಆರನೆಯ ಅಧ್ಯಾಯದಲ್ಲಿರುವುದು. ಸಮಾನದಿಂದ ಸಮಾನವು ವೃದ್ಧಿಯಾಗುವುದೆಂಬ ಸಿದ್ಧಾಂತವನ್ನು ಅಲ್ಲಿ ಒಂದೊಂದು ಧಾತುವಿಗೂ ಅನ್ವಯಿಸಿ, ಮಾಂಸವು ಮಾಂಸದಿಂದಲೂ, ರಕ್ತವು ರಕ್ತದಿಂದಲೂ, ಮೇದಸ್ಸು ಮೇದಸ್ಸಿನಿಂದಲೂ, ಅಸ್ಥಿಯು ತರುಣಾಸ್ಥಿಯಿಂದಲೂ ಬೆಳೆಯುವುವೆಂದು ಎಣಿಸಿದೆ. ಉಳಿದ ಧಾತುಗಳಿಗೆ ಆಯಾ ಧಾತುವನ್ನೇ ಹೇಳಿ, ಎಲುಬಿಗೆ ಮಾತ್ರ ತರುಣಾಸ್ಥಿಯನ್ನು ಹೇಳಿರುವುದಕ್ಕೆ ಕಾರಣವು ಸ್ಪಷ್ಟವಾಗಿಯೇ ಇದೆ: ಗಟ್ಟಿ ಎಲುಬನ್ನು ಅಗಿದು ತಿನ್ನಲಾಗದು, ಎಳೆಯದನ್ನು ತಿನ್ನಬಹುದು. ತತ್ಸಮಾನವಾದ ದ್ರವ್ಯವು ದೊರೆಯದೆಡೆಯಲ್ಲಿ, ಅಥವಾ ದೊರೆತರೂ ಜುಗುಪ್ಸೆಯಿಂದ ಸೇವಿಸಲಾಗದೆಡೆಯಲ್ಲಿ, ಸಮಾನಗುಣವುಳ್ಳ ಬೇರೆ ಆಹಾರವನ್ನು ಕೊಡಬೇಕೆಂದೂ ಅಲ್ಲಿಯೇ ವಿಧಿಸಿದೆ. ಮೃದ್ವಸ್ಥಿಯನ್ನು ಆಹಾರವಾಗಿ ಕೊಡುವ ವಿಚಾರವು ಶಾಸ್ತ್ರರೂಪದಲ್ಲಿ ಬಂದಿರುವ ಪ್ರಾಚೀನ ಸ್ಥಳಗಳಲ್ಲಿ ಇದೊಂದು. ಆಧುನಿಕವಾದ ಗುಳಿಗೆಗಳು ಚರಕನಿಂದ ಬಂದುವೆಂದು ಇದರಿಂದ ಹೇಳಬರುವುದಿಲ್ಲ; ಎರಡರ ನಡುವೆ ಯಾವ ಪರಂಪರೆಯ ಕೊಂಡಿಯೂ ಇಲ್ಲ. ದೇಶಕಾಲಗಳಿಂದ ದೂರವಾದ ಎರಡು ವೈದ್ಯಗಳಲ್ಲಿ ಒಂದೇ ಅನುಮಾನವು ತೋರಿಕೊಂಡಿತೆಂಬಷ್ಟು ಮಾತ್ರ ಸಿದ್ಧವಾಗುತ್ತದೆ.

3

ಪಾಶ್ಚಾತ್ಯ ದೇಶಗಳಲ್ಲಿ ಮೃದ್ವಸ್ಥಿಯ ವಿಷಯವಾದ ಮೊದಲ ಗಣ್ಯ ಪ್ರಬಂಧವು 1743ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದನ್ನು ಬರೆದವನು ವಿಲಿಯಂ ಹಂಟರ್ ಎಂಬ ಅಂಗರಚನಾಶಾಸ್ತ್ರಜ್ಞನು. ಮೃದ್ವಸ್ಥಿಯ ತಂತುಗಳು ಮಖಮಲ್ಲಿನ ನವಿರಿನಂತೆ ಎಲುಬಿನ ಮೇಲೆ ನೆಟ್ಟಗೆ ನಿಂತಿರುವುವೆಂದು ಅವನು ವರ್ಣಿಸಿದನು. ಒಮ್ಮೆ ಹುಣ್ಣಾಗಿ ಹಾಳಾದ ಮೃದ್ವಸ್ಥಿಯು ಮರಳಿ ಬೆಳೆಯದೆಂಬುದು ಪ್ರಾಚೀನ ಗ್ರೀಕ್ ವೈದ್ಯರ ಕಾಲದಿಂದ ಬಂದ ಅನುಭವವೆಂದೂ ಅವನು ಒಪ್ಪಿದನು.

ಈ ಅನುಭವಕ್ಕೆ ಕಾರಣವು ಮುಂದಣ ಶೋಧನೆಗಳಿಂದ ತಿಳಿಯಬಂದಿತು. ಕೀಲಿನ ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ಅದರ ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ನೀರು. ಉಳಿದುದರಲ್ಲಿ ಕೊಲ್ಲಾಜೆನ್ ಎಂಬ ತಂತುವಿನ ಬಲೆಯೂ, ಆ ಬಲೆಯಲ್ಲಿ ಸಿಕ್ಕಿಕೊಂಡ ದೊಡ್ಡ ದೊಡ್ಡ ಅಣುಗಳೂ ಇರುವುವು. ಈ ಅಣುಗಳು ಋಣವಿದ್ಯುತ್ತಿನಿಂದ ಕೂಡಿ ನೀರನ್ನು ಸೆಳೆದು ಹಿಡಿಯುವುದರಿಂದ, ಮೃದ್ವಸ್ಥಿಯು ನಡೆಯುವಾಗಿನ ಭಾರವನ್ನು ತಾಳಿಕೊಂಡು ಮತ್ತೆ ಉಬ್ಬುತ್ತದೆ. ಇಷ್ಟನ್ನೂ ಕಟ್ಟಿ ಕಾಪಾಡತಕ್ಕ ಜೀವಕೋಶಗಳು ಬಹು ವಿರಳವಾಗಿವೆ. ಅವಕ್ಕೆ ಬೇಕಾದ ಆಹಾರವು ಕೀಲಿನ ದ್ರವದಿಂದ ನಿಧಾನವಾಗಿ ಒಸರಿ ಬರಬೇಕು. ಬಾಯಿಂದ ಸೇವಿಸಿದ ಯಾವ ದ್ರವ್ಯವಾದರೂ ಜಠರ, ಯಕೃತ್ತು, ರಕ್ತ, ಕೀಲಿನ ದ್ರವ ಈ ನಾಲ್ಕನ್ನೂ ದಾಟಿಯೇ ಅಲ್ಲಿಗೆ ಮುಟ್ಟಬೇಕಾಗಿರುವುದು. ಸಮಾನದಿಂದ ಸಮಾನವೆಂಬ ಅನುಮಾನಕ್ಕೆ ಇಷ್ಟು ಕಷ್ಟವಾದ ದಾರಿಯು ಶರೀರದಲ್ಲಿ ಇನ್ನೆಲ್ಲಿಯೂ ಸುಲಭವಾಗಿ ಸಿಕ್ಕದು.

ಆ ಅನುಮಾನವು ಯೂರೋಪಿನಲ್ಲಿ ಒಮ್ಮೆ ಬೇರೊಂದು ವೇಷದಲ್ಲಿ ಪರೀಕ್ಷೆಗೆ ಗುರಿಯಾದುದನ್ನೂ ಇಲ್ಲಿ ಸ್ಮರಿಸಬೇಕು. ಡೆನಿಸ್ ಪಾಪಿನ್ ಎಂಬ ಫ್ರೆಂಚನು 1681ರಲ್ಲಿ ಎಲುಬುಗಳನ್ನು ಮುಚ್ಚಿದ ಪಾತ್ರೆಯ ಹಬೆಯಲ್ಲಿ ಬೇಯಿಸಿ ಮೆತ್ತಗೆ ಮಾಡುವ ಯಂತ್ರವನ್ನು ವರ್ಣಿಸಿ ಗ್ರಂಥವನ್ನು ಪ್ರಕಟಿಸಿದನು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಡಾರ್ಸೆ ಎಂಬ ರಸಾಯನಜ್ಞನು ಎಲುಬಿನಿಂದ ತೆಗೆದ ಜೆಲಟಿನ್ ಎಂಬ ಅಂಟನ್ನು ಪ್ಯಾರಿಸ್ಸಿನ ಬಡವರಿಗೂ ಆಸ್ಪತ್ರೆಗಳ ರೋಗಿಗಳಿಗೂ ಮಾಂಸಕ್ಕೆ ಬದಲಾಗಿ ಕೊಡಬಹುದೆಂದು ವಾದಿಸಿದನು. ಇದನ್ನು ವಿಚಾರಿಸಲು ಅಲ್ಲಿನ ವಿಜ್ಞಾನ ಅಕಾಡೆಮಿಯು ಮಜಾಂಡಿ ಎಂಬ ಶರೀರಶಾಸ್ತ್ರಜ್ಞನ ನೇತೃತ್ವದಲ್ಲಿ ನೇಮಿಸಿದ ಮಂಡಲಿಯು ನಾಯಿಗಳ ಮೇಲೆ ದೀರ್ಘಕಾಲ ಪ್ರಯೋಗ ನಡೆಸಿ, 1841ರಲ್ಲಿ ತನ್ನ ನಿರೂಪವನ್ನು ಒಪ್ಪಿಸಿತು. ಜೆಲಟಿನ್ನಿನಿಂದ ಮಾತ್ರವೇ ಪ್ರಾಣಿಯು ಬದುಕಲಾರದೆಂದು ಅದರಿಂದ ಗೊತ್ತಾಯಿತು. ಶರೀರದ ಒಂದು ಭಾಗದಿಂದ ಬಂದುದೆಂಬ ಮಾತ್ರಕ್ಕೆ ಒಂದು ವಸ್ತುವು ಶರೀರವನ್ನು ಕಟ್ಟಬಲ್ಲುದೆಂದು ನಂಬಲಾಗದೆಂಬ ಪಾಠವು ಹೀಗೆ ದೊರೆಯಿತಾದರೂ ಅದು ಬಹುಕಾಲ ನೆನಪಿನಲ್ಲಿ ಉಳಿಯಲಿಲ್ಲ.

4

ಗ್ಲೂಕೋಸಮೀನಿನ ಕಥೆಯು ಕೀಲಿನಿಂದಾಗಲಿ ವೈದ್ಯದಿಂದಾಗಲಿ ಆರಂಭವಾಗುವುದಿಲ್ಲ. 1811ರಲ್ಲಿ ಫ್ರಾನ್ಸಿನ ನ್ಯಾನ್ಸಿ ನಗರದ ಬ್ರಾಕೊನೊ ಎಂಬ ವಿದ್ವಾಂಸನು ಅಣಬೆಗಳಲ್ಲಿ ಒಂದು ಹೊಸ ವಸ್ತುವನ್ನು ಕಂಡನು. 1823ರಲ್ಲಿ ಓಡಿಯೇ ಎಂಬವನು ಕೀಟಗಳ ರೆಕ್ಕೆಯ ಚಿಪ್ಪಿನಲ್ಲಿ ಅಂಥ ವಸ್ತುವನ್ನೇ ಗುರುತಿಸಿ, ಉಡುಪು ಎಂಬ ಅರ್ಥದ ಗ್ರೀಕ್ ಮಾತಿನಿಂದ ಕೈಟಿನ್ ಎಂಬ ಹೆಸರನ್ನು ಕಟ್ಟಿದನು. ಸಿಗಡಿ ಏಡಿಗಳ ಕವಚವೂ ಇದರಿಂದಲೇ ಆದುದು. 1876ರಲ್ಲಿ ಗೇಯಾರ್ಗ್ ಲೆಡ್ಡರ್‌ಹೋಸ್ ಎಂಬ ಜರ್ಮನ್ ತರುಣನು ಲಾಬ್‌ಸ್ಟರ್ ಎಂಬ ದೊಡ್ಡ ಕಡಲಸಿಗಡಿಯ ಚಿಪ್ಪನ್ನು ಪ್ರಬಲವಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಾಯಿಸಿ, ಹರಳುಗಟ್ಟಿದ ಒಂದು ಸಕ್ಕರೆಯನ್ನು ಪಡೆದನು. ಸಾರಜನಕವನ್ನು ಒಳಗೊಂಡ ಆ ಸಕ್ಕರೆಯೇ ಗ್ಲೂಕೋಸಮೀನ್. ಲೆಡ್ಡರ್‌ಹೋಸನು ಮುಂದೆ ಶಸ್ತ್ರವೈದ್ಯನಾದನು. ಅಂಗಾಲಿನ ತಂತುಪೊರೆಯಲ್ಲಿ ಗಂಟುಕಟ್ಟುವ ಒಂದು ರೋಗಕ್ಕೆ ಈಗಲೂ ಅವನ ಹೆಸರು ನಿಂತಿದೆ. ತಾನು ಕಂಡ ಸಕ್ಕರೆಯು ಕೀಲುರೋಗಕ್ಕೆ ಮದ್ದೆಂದು ಹೆಸರಾಗುವುದನ್ನು ಅವನು ಕಾಣಲಿಲ್ಲ. 1903ರಲ್ಲಿ ಎಮಿಲ್ ಫಿಷರ್, ಲಾಯ್ಖ್ಸ್ ಎಂಬಿಬ್ಬರು ಅದನ್ನು ಕೃತಕವಾಗಿ ತಯಾರಿಸಿದರು. 1939ರಲ್ಲಿ ಹಾವರ್ತ್ ಮತ್ತು ಅವನ ಸಹಕಾರಿಗಳು ಅದರ ಅಣುವಿನ ವಿನ್ಯಾಸವನ್ನು ನಿಶ್ಚಯಿಸಿದರು.

ಕಾಂಡ್ರಾಯ್ಟಿನ್ ಎಂಬ ಹೆಸರಾದರೋ ಮೃದ್ವಸ್ಥಿಯಿಂದಲೇ ಹುಟ್ಟಿದುದು. ಕಾಂಡ್ರೋಸ್ ಎಂಬ ಗ್ರೀಕ್ ಮಾತಿಗೆ ಕಾಳು ಎಂದೂ ಮೃದ್ವಸ್ಥಿ ಎಂದೂ ಅರ್ಥ. 1861ರಲ್ಲಿ ಫಿಷರ್, ಬೋಡೆಕರ್ ಎಂಬವರು ಮೃದ್ವಸ್ಥಿಯಿಂದ ಸಕ್ಕರೆಯಂಥ ದ್ರವ್ಯವನ್ನು ತೆಗೆದರು. 1884ರಲ್ಲಿ ಕ್ರೂಕನ್‌ಬರ್ಗನು ಆಮ್ಲರೂಪದ ವಸ್ತುವನ್ನು ಬೇರ್ಪಡಿಸಿದನು. 1891ರಲ್ಲಿ ಸ್ಟ್ರಾಸ್‌ಬುರ್ಗಿನ ಪ್ರೊಫೆಸರಾದ ಷ್ಮೀಡೆಬರ್ಗನು ಅದನ್ನು ಒಡೆದು, ಗಂಧಕಾಮ್ಲ, ಅಸಿಟಿಕ್ ಆಮ್ಲ, ಗ್ಲೂಕುರಾನಿಕ್ ಆಮ್ಲ ಇವುಗಳೊಂದಿಗೆ ಒಂದು ಸಾರಜನಕದ ಸಕ್ಕರೆಯೂ ಅದರಲ್ಲಿ ಇರುವುದೆಂದು ತೋರಿಸಿದನು. ಆ ಸಕ್ಕರೆಯು ಲೆಡ್ಡರ್‌ಹೋಸನ ಗ್ಲೂಕೋಸಮೀನೇ ಎಂದು ಅವನು ಭಾವಿಸಿದನು. ಸಿಗಡಿಯ ಚಿಪ್ಪಿಗೂ ಮನುಷ್ಯನ ಕೀಲಿಗೂ ಸಂಬಂಧವು ಏರ್ಪಟ್ಟುದು ಹೀಗೆ.

ಆದರೆ ಈ ಗುರುತು ತಪ್ಪಾಗಿತ್ತು. 1914ರ ಸುಮಾರಿಗೆ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಲೆವೀನ್, ಲಾಫೋರ್ಜ್ ಎಂಬವರು ಕಾಂಡ್ರಾಯ್ಟಿನ್ನಿನ ಸಕ್ಕರೆಯು ಗ್ಲೂಕೋಸಮೀನಿಗೆ ಸಮಾನಾಂಶವುಳ್ಳದ್ದಾದರೂ ಬೇರೆಯಾದುದೆಂದು ಸಾಧಿಸಿದರು. ಅದು ಗ್ಯಾಲಕ್ಟೋಸಮೀನ್ ಎಂಬುದು ಆಮೇಲೆ ಸ್ಥಿರಪಟ್ಟಿತು. ಇದರಿಂದ ಗ್ಲೂಕೋಸಮೀನಿಗೆ ಕೀಲಿನ ಸಂಬಂಧವೇ ಇಲ್ಲವೆಂದಾಗುವುದಿಲ್ಲ. 1934ರಲ್ಲಿ ಕಾರ್ಲ್ ಮೇಯರ್, ಪಾಮರ್ ಎಂಬವರು ದನದ ಕಣ್ಣಿನಿಂದ ಬೇರ್ಪಡಿಸಿದ ಹಯಲುರಾನಿಕ್ ಆಮ್ಲದಲ್ಲಿ ಗ್ಲೂಕೋಸಮೀನ್ ಉಂಟು. ಆ ಆಮ್ಲವು ಕೀಲಿನ ದ್ರವದಲ್ಲಿಯೂ ಮೃದ್ವಸ್ಥಿಯಲ್ಲಿಯೂ ಇರುವುದು. ಇಷ್ಟಾದರೂ ಒಂದು ಮಾತನ್ನು ಮರೆಯಲಾಗದು. ಶರೀರವು ತನಗೆ ಬೇಕಾದ ಗ್ಲೂಕೋಸಮೀನನ್ನು ಸಾಮಾನ್ಯ ಸಕ್ಕರೆಯಿಂದ ತಾನೇ ತಯಾರಿಸಿಕೊಳ್ಳುತ್ತದೆ. ನಿಂಬೆ ನೆಲ್ಲಿಗಳ ಜೀವಸತ್ತ್ವದ ಕೊರತೆಯಿಂದ ವಸಡಿನಲ್ಲಿ ರಕ್ತವೊಸರುವ ರೋಗವು ಬರುವಂತೆ, ಆಹಾರದಲ್ಲಿ ಗ್ಲೂಕೋಸಮೀನ್ ಕಡಿಮೆಯಾದುದರಿಂದ ಬಂದ ಕೀಲುರೋಗವು ಯಾವುದೂ ಇಲ್ಲ. ಆದಕಾರಣ ಕೊರತೆಯನ್ನು ತುಂಬುವುದೆಂಬ ವಾದಕ್ಕೆ ಮೊದಲಿನಿಂದಲೂ ಆಧಾರವು ದುರ್ಬಲವಾಗಿತ್ತು.

5

ಪ್ರಯೋಗಶಾಲೆಯ ಈ ದ್ರವ್ಯಗಳು ಔಷಧಗಳಾದುದು ಎರಡನೆಯ ಮಹಾಯುದ್ಧದ ಅನಂತರ. 1969ರಲ್ಲಿ ಜರ್ಮನಿಯಲ್ಲಿ ಗ್ಲೂಕೋಸಮೀನನ್ನು ಕೀಲಿಗೆ ಸೂಜಿಯ ಮೂಲಕ ಕೊಟ್ಟ ಅನುಭವವು ಪ್ರಕಟವಾಯಿತು. ಇಟಲಿಯ ರೊಟ್ಟಾ ಔಷಧ ಸಂಸ್ಥೆಯು ಅದರ ಗಂಧಕಲವಣವನ್ನು ತಯಾರಿಸಿ ಪ್ರಚಾರಕ್ಕೆ ತಂದಿತು. 1980ರ ಸುಮಾರಿನಲ್ಲಿ ಕೆಲವು ಸಣ್ಣ ಪರೀಕ್ಷೆಗಳು ನಡೆದು, ಅವುಗಳ ಫಲಗಳೆಲ್ಲ ಅನುಕೂಲವಾಗಿಯೇ ಕಂಡುವು. ಆದರೆ ರೋಗಿಗಳ ಸಂಖ್ಯೆ ಅತ್ಯಲ್ಪ. ಅವಧಿಯು ಕೆಲವು ವಾರಗಳು. ಯೂರೋಪಿನ ಹಲವು ದೇಶಗಳಲ್ಲಿ ಈ ದ್ರವ್ಯಗಳು ವೈದ್ಯರ ಚೀಟಿಯ ಮೇಲೆ ಕೊಡುವ ಔಷಧಗಳಾಗಿ ನಿಂತುವು.

ಅಮೆರಿಕದಲ್ಲಿ ಇವುಗಳ ಗತಿಯು ಬೇರೆಯಾಯಿತು. ಅಲ್ಲಿ 1994ರಲ್ಲಿ ಬಂದ ಶಾಸನದ ಪ್ರಕಾರ ಆಹಾರದ ಪೂರಕವೆಂದು ಮಾರುವ ಪದಾರ್ಥಕ್ಕೆ, ಔಷಧಕ್ಕೆ ಬೇಕಾದಂತೆ, ಗುಣವನ್ನು ಮುಂಚಿತವಾಗಿ ಸಾಧಿಸಿ ತೋರಿಸಬೇಕೆಂಬ ನಿರ್ಬಂಧವಿಲ್ಲ. ರೋಗವನ್ನು ವಾಸಿಮಾಡುವುದೆಂದು ಹೇಳದೆ, ಶರೀರದ ಒಂದು ಅಂಗಕ್ಕೆ ಸಹಾಯಕವೆಂದಷ್ಟೇ ಬರೆದರೆ ಸಾಕು. 1997ರಲ್ಲಿ ಥಿಯೋಡೊಸಾಕಿಸ್ ಎಂಬ ವೈದ್ಯರು ಸಹಲೇಖಕರೊಡನೆ ಬರೆದು ಪ್ರಕಟಿಸಿದ ಸಂಧಿರೋಗ ನಿವಾರಣೆಯ ಪುಸ್ತಕವು ಈ ಎರಡು ದ್ರವ್ಯಗಳನ್ನೂ ಮನೆಮಾತು ಮಾಡಿತು. ಇವುಗಳ ಬೆಡಗು ಹೆಸರಿನಲ್ಲಿಯೇ ಇದ್ದಿತು: ಮೃದ್ವಸ್ಥಿಯಲ್ಲಿ ಇರುವುದು, ಆದ್ದರಿಂದ ಮೃದ್ವಸ್ಥಿಗೆ ಹಿತವಾದುದು. ಮುದುಕರು ತಮ್ಮ ಅಲ್ಪ ವರಮಾನದಲ್ಲಿ ತಿಂಗಳು ತಿಂಗಳಿಗೂ ಇವನ್ನು ಕೊಳ್ಳತೊಡಗಿದುದರಿಂದ, ಇದು ಪಂಡಿತರ ವಿವಾದವಾಗಿ ಉಳಿಯದೆ ಜನಸಾಮಾನ್ಯರ ಹಣದ ಪ್ರಶ್ನೆಯೂ ಆಯಿತು.

6

ಇಲ್ಲಿಂದ ಮುಂದಿನ ವಿಚಾರದಲ್ಲಿ ಎರಡು ಪ್ರಶ್ನೆಗಳನ್ನು ವಿಂಗಡಿಸಿ ನೋಡುವುದು ಅವಶ್ಯಕ. ನೋವು ಕಡಿಮೆಯಾಗುವುದೇ ಎಂಬುದು ಒಂದು. ಮೃದ್ವಸ್ಥಿಯು ಉಳಿಯುವುದೇ ಎಂಬುದು ಇನ್ನೊಂದು. ಮೃದ್ವಸ್ಥಿಯಲ್ಲಿ ನರಗಳಿಲ್ಲವಾದುದರಿಂದ ಒಂದಕ್ಕೆ ಉತ್ತರವು ದೊರೆತರೆ ಇನ್ನೊಂದಕ್ಕೂ ದೊರೆತಂತಾಗುವುದಿಲ್ಲ. ಕ್ಷ-ಕಿರಣದ ಚಿತ್ರದಲ್ಲಿ ಮೃದ್ವಸ್ಥಿಯು ಕಾಣಬಾರದು. ಎರಡು ಎಲುಬುಗಳ ನಡುವಣ ಎಡೆಯು ಮಾತ್ರ ಕಾಣುವುದು. ಆ ಎಡೆಯನ್ನು ಅಳೆದು ಮೃದ್ವಸ್ಥಿಯ ದಪ್ಪವನ್ನು ಊಹಿಸುವುದು ವಾಡಿಕೆಯಾಗಿದೆ.

2001ರಲ್ಲಿ ಬೆಲ್ಜಿಯಮಿನ ರೆಜಿನ್‌ಸ್ಟೆರ್ ಮತ್ತು ಅವರ ಸಹಕಾರಿಗಳು 212 ಮಂದಿ ರೋಗಿಗಳನ್ನು ಮೂರು ವರ್ಷ ಪರೀಕ್ಷಿಸಿದ ಫಲವನ್ನು ಪ್ರಕಟಿಸಿದರು. ಅರ್ಧ ಮಂದಿಗೆ ದಿನಕ್ಕೆ 1500 ಮಿಲಿಗ್ರಾಂ ಗ್ಲೂಕೋಸಮೀನ್ ಗಂಧಕಲವಣ, ಉಳಿದವರಿಗೆ ಗುಣವಿಲ್ಲದ ಹುಸಿಗುಳಿಗೆ. ಹುಸಿಗುಳಿಗೆಯವರಲ್ಲಿ ಕೀಲಿನ ಎಡೆಯು ಸರಾಸರಿ 0.31 ಮಿಲಿಮೀಟರು ಕುಗ್ಗಿತು. ಗ್ಲೂಕೋಸಮೀನ್ ಸೇವಿಸಿದವರಲ್ಲಿ 0.06 ಮಾತ್ರ. 2002ರಲ್ಲಿ ಪ್ರಾಗ್ ನಗರದ ಪಾವೆಲ್ಕಾ ಮೊದಲಾದವರು 202 ಮಂದಿಯಲ್ಲಿ ಇಂಥದೇ ಫಲವನ್ನು ಕಂಡರು. ಮೃದ್ವಸ್ಥಿಯು ಉಳಿಯಿತೆಂದು ಆಗ ಅನೇಕರು ಸಂತೋಷಪಟ್ಟರು. ಇದಕ್ಕೆ ಒಂದು ಆಕ್ಷೇಪಣೆಯೂ ಬಂದಿತು. ಚಿತ್ರಗಳನ್ನು ತೆಗೆದುದು ರೋಗಿಯು ಕಾಲನ್ನು ಪೂರ್ತಿ ನೀಡಿ ನಿಂತಿರುವಾಗ. ನೋವು ತಗ್ಗಿದವನು ಮೊಳಕಾಲನ್ನು ಇನ್ನೂ ಚೆನ್ನಾಗಿ ನೀಡಬಲ್ಲನಾದ್ದರಿಂದ ಎಡೆಯ ಅಳತೆಯು ಅಷ್ಟರಿಂದಲೇ ಬದಲಾಗಬಹುದು. ಅಲ್ಲದೆ ಮೊದಲನೆಯ ಪರೀಕ್ಷೆಗೆ ಔಷಧ ತಯಾರಕರ ನೆರವಿದ್ದಿತು. ತಯಾರಕರ ನೆರವಿನಿಂದ ನಡೆದ ಪರೀಕ್ಷೆಗಳಿಗೂ ಸ್ವತಂತ್ರವಾಗಿ ನಡೆದುವಕ್ಕೂ ಫಲದಲ್ಲಿ ಅಂತರವಿರುವುದು 2007ರ ವಿಮರ್ಶೆಯೊಂದರಲ್ಲಿ ಸ್ಪಷ್ಟವಾಯಿತು.

ಈ ಕಾರಣಗಳಿಂದ ಅಮೆರಿಕದ ಸರಕಾರದ ಆರೋಗ್ಯ ಸಂಸ್ಥೆಗಳು ತಾವೇ ಹಣವನ್ನು ಒದಗಿಸಿ ಒಂದು ದೊಡ್ಡ ಪರೀಕ್ಷೆಯನ್ನು ನಡೆಸಿದುವು. ಫಲವು 2006ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಮೊಳಕಾಲ ನೋವಿನ 1583 ಮಂದಿ, 16 ಕೇಂದ್ರಗಳು, 24 ವಾರಗಳು, ಐದು ಪಂಗಡಗಳು. ನೋವು ಐದರಲ್ಲೊಂದು ಪಾಲು ಕಡಿಮೆಯಾದವರು ಹುಸಿಗುಳಿಗೆಯ ಪಂಗಡದಲ್ಲಿ ನೂರಕ್ಕೆ 60.1, ಗ್ಲೂಕೋಸಮೀನಿನಲ್ಲಿ 64.0, ಕಾಂಡ್ರಾಯ್ಟಿನ್ನಿನಲ್ಲಿ 65.4, ಎರಡೂ ಕೂಡಿದಲ್ಲಿ 66.6, ಸೆಲೆಕಾಕ್ಸಿಬ್ ಎಂಬ ನೋವುಮದ್ದಿನಲ್ಲಿ 70.1. ಪೂರಕದ್ರವ್ಯಗಳಿಗೂ ಹುಸಿಗುಳಿಗೆಗೂ ಇರುವ ಈ ಅಂತರವು ಆಕಸ್ಮಿಕವಾಗಿಯೂ ಬರಬಹುದಾದಷ್ಟು ಸಣ್ಣದು. ಹೆಚ್ಚು ನೋವಿದ್ದವರ ಉಪಪಂಗಡದಲ್ಲಿ ಮಾತ್ರ ಎರಡು ದ್ರವ್ಯಗಳ ಮಿಶ್ರಣದಿಂದ ನೂರಕ್ಕೆ 79.2 ಮಂದಿಗೂ ಹುಸಿಗುಳಿಗೆಯಿಂದ 54.3 ಮಂದಿಗೂ ಉಪಶಮನವಾಯಿತು. ಪೂರಕಗಳ ಪಕ್ಷಪಾತಿಗಳು ಈ ಅಂಕಿಗಳನ್ನು ಎತ್ತಿಹಿಡಿದರು. ಪರೀಕ್ಷೆಯಲ್ಲಿ ಬಳಸಿದುದು ಗಂಧಕಲವಣವಲ್ಲ, ಹೈಡ್ರೋಕ್ಲೋರೈಡ್ ಲವಣವೆಂದೂ ವಾದಿಸಿದರು. ಸಣ್ಣ ಉಪಪಂಗಡದ ಫಲದಿಂದ ಸಿದ್ಧಾಂತ ಮಾಡಬಾರದೆಂದು ವಿರೋಧಿಗಳು ಉತ್ತರ ಕೊಟ್ಟರು. ಈ ಪರೀಕ್ಷೆಯಲ್ಲಿ ಅತ್ಯಂತ ಬೋಧಪ್ರದವಾದ ಅಂಕಿಯು ಹುಸಿಗುಳಿಗೆಯದೇ ಆಗಿದೆ. ನೂರರಲ್ಲಿ ಅರುವತ್ತು ಮಂದಿಗೆ ಏನೂ ಇಲ್ಲದ ಗುಳಿಗೆಯಿಂದ ಸುಖವಾಗುವ ರೋಗದಲ್ಲಿ, ಸೇವಿಸಿದವನ ಅನುಭವವು ಎಷ್ಟು ನಿಜವಾದರೂ, ಸೇವಿಸಿದ ದ್ರವ್ಯಕ್ಕೆ ಅದು ಪ್ರಮಾಣವಾಗದು.

ಮೃದ್ವಸ್ಥಿಯ ಪ್ರಶ್ನೆಗೆ ಉತ್ತರವು 2008ರಲ್ಲಿ ಬಂದಿತು. ಮೇಲಿನ ಪರೀಕ್ಷೆಯವರಲ್ಲಿ 572 ಮಂದಿಯನ್ನು ಎರಡು ವರ್ಷ ಅನುಸರಿಸಿದಾಗ, ಎಡೆಯ ಕುಗ್ಗುವಿಕೆಯಲ್ಲಿ ಯಾವ ದ್ರವ್ಯಕ್ಕೂ ಹುಸಿಗುಳಿಗೆಗೂ ನಿಶ್ಚಿತವಾದ ಅಂತರ ಕಾಣಲಿಲ್ಲ. 2010ರಲ್ಲಿ ಬರ್ನ್ ನಗರದ ವಿದ್ವಾಂಸರು 10 ಪರೀಕ್ಷೆಗಳ 3803 ರೋಗಿಗಳ ಫಲವನ್ನು ಒಟ್ಟುಗೂಡಿಸಿ, ನೋವಿನಲ್ಲಿಯೂ ಎಡೆಯಲ್ಲಿಯೂ ರೋಗಿಗೆ ಉಪಯೋಗವಾಗುವಷ್ಟು ಲಾಭವಿಲ್ಲವೆಂದರು. 2015ರಲ್ಲಿ ಆಸ್ಟ್ರೇಲಿಯದಲ್ಲಿ 605 ಮಂದಿಯ ಮೇಲೆ ಎರಡು ವರ್ಷ ನಡೆದ ಪರೀಕ್ಷೆಯು ವಿಚಿತ್ರವಾದ ಫಲವನ್ನು ಕೊಟ್ಟಿತು: ಎರಡು ದ್ರವ್ಯಗಳನ್ನೂ ಸೇವಿಸಿದವರಲ್ಲಿ ಎಡೆಯ ಕುಗ್ಗುವಿಕೆಯು 0.10 ಮಿಲಿಮೀಟರಿನಷ್ಟು ಕಡಿಮೆ, ಆದರೆ ನೋವಿನಲ್ಲಿ ಹೆಚ್ಚಿನ ಗುಣವಿಲ್ಲ. ಸೇವಿಸುವವನಿಗೆ ಬೇಕಾದುದು ನಡಿಗೆಯ ಸುಖ. ದೊರೆತುದು ಚಿತ್ರದಲ್ಲಿನ ಕೂದಲೆಳೆಯ ಅಂತರ. 2017ರಲ್ಲಿ ಸ್ಪೇನಿನ ಪರೀಕ್ಷೆಯೊಂದರಲ್ಲಿ ಮಿಶ್ರಣವನ್ನು ಸೇವಿಸಿದವರಿಗಿಂತ ಹುಸಿಗುಳಿಗೆಯವರಿಗೇ ನೋವು ಹೆಚ್ಚು ತಗ್ಗಿತು.

7

ಇಷ್ಟಾದ ಮೇಲೂ ವಿದ್ವನ್ಮಂಡಲಿಗಳಲ್ಲಿ ಐಕಮತ್ಯವಿಲ್ಲ. ಅಮೆರಿಕದ ಸಂಧಿರೋಗತಜ್ಞರ ಕಾಲೇಜು 2019ರ ಸೂತ್ರಗಳಲ್ಲಿ ಮೊಳಕಾಲು ಸೊಂಟಗಳ ರೋಗಕ್ಕೆ ಈ ಎರಡನ್ನೂ ಬಲವಾಗಿ ನಿಷೇಧಿಸಿ, ಕೈಬೆರಳಿನ ರೋಗಕ್ಕೆ ಮಾತ್ರ ಕಾಂಡ್ರಾಯ್ಟಿನ್ನನ್ನು ಹಿಂಜರಿಕೆಯಿಂದ ಒಪ್ಪಿತು. ಇಂಗ್ಲೆಂಡಿನ ಸೂತ್ರಕಾರರೂ ಗ್ಲೂಕೋಸಮೀನನ್ನು ಕೊಡಬಾರದೆಂದಿರುವರು. ಯೂರೋಪಿನ ಮತ್ತೊಂದು ಮಂಡಲಿಯು ಅದೇ 2019ರಲ್ಲಿ, ಔಷಧದರ್ಜೆಯ ಗಂಧಕಲವಣವನ್ನು ಕೊಡಬಹುದೆಂದು ವಿಧಿಸಿತು. ತೂಕವನ್ನು ತಗ್ಗಿಸಿಕೊಳ್ಳುವುದು, ತೊಡೆಯ ಮಾಂಸಖಂಡಗಳಿಗೆ ಬಲ ಬರುವಂತೆ ವ್ಯಾಯಾಮ ಮಾಡುವುದು, ಈ ಎರಡರಲ್ಲಿ ಮಾತ್ರ ಎಲ್ಲರ ಮತವೂ ಒಂದೇ. ಈ ದ್ರವ್ಯಗಳಿಂದ ಹಾನಿಯು ವಿರಳವಾದರೂ, ರಕ್ತವನ್ನು ತೆಳುಮಾಡುವ ವಾರ್ಫರಿನ್ ಮದ್ದನ್ನು ಸೇವಿಸುವವರೂ, ಸಿಗಡಿ ಏಡಿಗಳು ಒಗ್ಗದವರೂ ವೈದ್ಯರನ್ನು ಕೇಳದೆ ಇವನ್ನು ತೆಗೆದುಕೊಳ್ಳತಕ್ಕುದಲ್ಲ.

ಒಟ್ಟಿನಲ್ಲಿ ಈ ಇತಿಹಾಸದಿಂದ ತಿಳಿದುಬರುವ ಅಂಶಗಳು ಇವು. ಮೊದಲನೆಯದಾಗಿ, ಈ ದ್ರವ್ಯಗಳು ರೋಗಿಗಳ ಉಪಶಮನವನ್ನು ಕಂಡು ಆಯ್ದುಕೊಂಡುವಲ್ಲ. ಅಂಗದ ರಚನೆಯನ್ನು ಕಂಡು ಊಹಿಸಿದುವು. ಎರಡನೆಯದಾಗಿ, ಆ ಊಹೆಗೆ ಮೂಲವಾದ ಗುರುತಿನಲ್ಲಿಯೇ 1891ರಿಂದ 1914ರ ಸುಮಾರಿನವರೆಗೆ ಒಂದು ದೋಷವು ಸೇರಿಕೊಂಡಿದ್ದಿತು. ಮೂರನೆಯದಾಗಿ, ದೊಡ್ಡದಾಗಿಯೂ ಸ್ವತಂತ್ರವಾಗಿಯೂ ನಡೆದ ಪರೀಕ್ಷೆಗಳಲ್ಲಿ ಫಲವು ಕುಗ್ಗುತ್ತ ಬಂದಿತು. ಮೃದ್ವಸ್ಥಿಯನ್ನು ಇವು ಕಾಪಾಡುವುವೆಂಬುದು ಸಿದ್ಧವಾಗಿಲ್ಲ. ಗಂಧಕಲವಣದ ವಿಷಯದಲ್ಲಿ ಮಾತ್ರ ವಿವಾದವು ಪೂರ್ತಿಯಾಗಿ ಮುಗಿದಿಲ್ಲ.

ಸಮಾನದಿಂದ ಸಮಾನವು ಬೆಳೆಯುವುದೆಂಬ ಮಾತನ್ನು ಸಿದ್ಧಾಂತವಾಗಿ ಹೇಳಿದ ಚರಕನು ಅನುಮಾನದೊಂದಿಗೆ ಪ್ರತ್ಯಕ್ಷವನ್ನೂ ಯುಕ್ತಿಯನ್ನೂ ಪ್ರಮಾಣಗಳೆಂದು ಎಣಿಸಿದವನು. ಒಂದು ಪ್ರಮಾಣದಿಂದ ತೋರಿದುದನ್ನು ಮತ್ತೊಂದರಿಂದ ಶೋಧಿಸಬೇಕೆಂಬ ಆ ಮರ್ಯಾದೆಯು ಗುಳಿಗೆಯ ಪೆಟ್ಟಿಗೆಯ ಮೇಲಣ ಬರೆಹಕ್ಕೂ ಅನ್ವಯಿಸುವುದು. ಎರಡು ಶತಮಾನಗಳ ರಸಾಯನಶಾಸ್ತ್ರವು ಕೀಲಿನಲ್ಲಿ ಏನಿರುವುದೆಂದು ತಿಳಿಸಿತು. ಕೀಲಿಗೆ ಯಾವುದು ಹಿತವೆಂಬುದನ್ನು ರೋಗಿಗಳ ನಡುವೆ ನಡೆದ ಪರೀಕ್ಷೆಯಿಂದಲೇ ತಿಳಿಯಬೇಕಾಯಿತು.